ಒತ್ತು

ಚೌಬಾರಾದಿಂದ ಎಡಕ್ಕ ನಾಲ್ಕನೇ ಅಂಗಡಿ, ಬೀದರ.
ಬೋರ್ಡಿನ ಮ್ಯಾಲ ಮೂರು ಲಿಪಿ,
ಮೂರರಾಗೂ ನನ್ನ ಹೆಸರಿಲ್ಲ, ‘ಸುವಾರ್ತಾ ಡಿಟಿಪಿ’ ಅಷ್ಟೇ.
ಚರ್ಚಿನ ವರದಿ ಒಂದೇ ಬಂದೀತು ಅಂತ ತಿಳ್ಕೊಂಡು
ನಮ್ಮಪ್ಪ ಇಟ್ಟ ಹೆಸರು. ಆಮ್ಯಾಲ ಎಲ್ಲಾರೂ ಬಂದ್ರು.

ಯುಗಾದಿ ಮುಗ್ದು ಲಗ್ನದ ಸೀಜನ್ ಏರೋ ಹೊತ್ತಿಗೆ
ಅಂಗಡಿ ಡಬ್ಬಿ ಒಂದ್ಸಲ ಕೆಮ್ಮಿ
ನೀಲಿ ಪರದೆ ಹೊದ್ಕೊಂಡು ಕುಂತ್ಬಿಡ್ತು.
ಹದಿನಾರು ಮನಿ ಕಾರ್ಡು ಬಾಕಿ.
“ಹೊಸಾದು ತಗೋರಿ ಬಾಯಾರೆ” ಅಂದ್ರು.
ಯಾವ್ದು ಅಂದ್ರ
ಒಬ್ಬೊಬ್ರ ಬಾಯಾಗ ಒಂದೊಂದು ದೇಶ.

ಕಲಬುರಗಿ ಡೀಲರ್ ಅಣವೀರಪ್ಪ ಫೋನಿನ್ಯಾಗ:
“ವಿಂಡೋಸ್ ಬಿಟ್ಟು ಎಲ್ಲಿಗಿ ಹೋಗ್ತೀರಿ?
ಉರ್ದುದ ಇನ್‌ಪೇಜ್ ಅಲ್ಲೇ ಅದ, ನುಡಿ ಅಲ್ಲೇ ಅದ,
ಕೆಟ್ರ ರಿಪೇರಿ ಮಾಡೋ ಹುಡುಗ್ರೂ ಅಲ್ಲೇ ಅದಾರ.”
ಗಂಡನ ಮನಿ ಬಗ್ಗೆ ನಮ್ಮ ಸೋದರತ್ತಿ
ಥೇಟ್ ಹಿಂಗೇ ಮಾತಾಡ್ತಿದ್ಳು.

ಸ್ಟುಡಿಯೋ ತುಳಜಾರಾಮನ ಮೇಜಿನ ಮ್ಯಾಲ ಮ್ಯಾಕ್.
ಸಪ್ಪಳಿಲ್ಲ, ಬಿಸಿ ಇಲ್ಲ,
ಧೂಳೂ ಕೂಡ್ಲಾಕ ಹೆದರ್ತದ.
ಮದುಮಗಳ ಕೆನ್ನಿ ಅರಿಶಿಣ
ಅದರಾಗ ಅರಿಶಿಣದಂಗೇ ಕಾಣ್ತದ, ಸುಳ್ಳಲ್ಲ.
ಬೆಲೆ ಕೇಳ್ದೆ.
ಚಹಾ ಕುಡ್ದು ಎದ್ದು ಬಂದೆ.

ಮನ್ಯಾಗ ಮಂಚದ ಕೆಳಗ ಬಿದ್ದಿದ್ದ ಎರಡನೇ ಡಬ್ಬಿಗಿ
ತಂಗಿ ಮಗಳು ಎಸ್ತೇರ ಪೆನ್‌ಡ್ರೈವ್ ಚುಚ್ಚಿದ್ಳು.
“ಲಿನಕ್ಸು, ದೊಡ್ಡವ್ವ. ಪುಕ್ಕಟ.”
ಪುಕ್ಕಟ ಅಂದ್ರ ನನಗ ಅಂಜಿಕಿ.
ಈ ಊರಾಗ ಪುಕ್ಕಟ ಸಿಗೋದು ಬಿಸಲು, ಮತ್ತ ಬುದ್ಧಿಮಾತು.
ಆದ್ರ ಹನ್ನೊಂದು ವರ್ಷದ ಡಬ್ಬಿ
ಜ್ವರ ಬಿಟ್ಟ ಕೂಸಿನಂಗ ಎದ್ದು ಕುಂತು
ಏನರ ಕೊಡು ಅಂತು.

ಅಂಗಡಿ ಡಿಸ್ಕ್ ಬಿಚ್ಚಿ ತಂದು ಹಚ್ಚಿದ್ವಿ.
ಇಪ್ಪತ್ಮೂರು ವರ್ಷದ ಲಗ್ನ, ತೊಟ್ಲು, ತೀರಿಹೋದೋರ ಸುದ್ದಿ.
ತೆರದ್ರ
ಯಾರ ಹೆಸರೂ ಇಲ್ಲ.
ತಲಿ ಮ್ಯಾಲ ಚುಕ್ಕಿ, ಕೊಂಬು ಇಟ್ಕೊಂಡ ಪರದೇಶಿ ಅಕ್ಷರ
ರೇಷನ್ ಸಾಲಿನಂಗ ನಿಂತಿದ್ವು.
ಶ್ರೀಕಾರನೂ ಒಂದು ಮುಳ್ಳು.
“ನೀವು ಕೂಡಿಸಿದ್ದು ಕನ್ನಡೇ ಅಲ್ಲ,
ಕನ್ನಡದ ವೇಷ ಹಾಕಿದ ಇಂಗ್ಲಿಷು” ಅಂದ್ಳು ಎಸ್ತೇರ.
ಸಿಟ್ಟು ಬಂತು. ಎದ್ದು ಹೋಗಿ ಕುಕ್ಕರ್ ಇಟ್ಟೆ.
ಎರಡು ಸೀಟಿ ಆದ ಮ್ಯಾಲ ಹೊಳೀತು:
ಆಗ ವೇಷ ಹಾಕದೆ ಯಾರೂ ಒಳಗ ಬಿಡ್ತಿರ್ಲಿಲ್ಲ.

ಅಂಗಡಿ ಬಾಗ್ಲು ಮುಚ್ಚಿದ್ದು ನೋಡಿ ಮನಿ ಕೇಳ್ಕೋತ
ಹಳ್ಳಿಖೇಡದಿಂದ ಕಾಶೀಬಾಯಿ ಬಂದ್ಳು.
ಗಂಡ ಬಸ್ ಡಿಪೋದಾಗ ಮೆಕ್ಯಾನಿಕ್, ಮಾಘದಾಗ ತೀರ್ಕೊಂಡ.
ಪಿಂಚಣಿಗಿ ಲಗ್ನಪತ್ರಿಕೆ ಕೇಳ್ಯಾರಂತ.
“ನೀವೇ ಹಾಕಿಕೊಟ್ಟಿದ್ರಿ. ಗುಲಾಬಿ ಕಾಗದ.
ನಮ್ದು ಗೆದ್ದಲ ತಿಂತು.”

ಎಸ್ತೇರ ಅದೇನೋ ಓಡಿಸಿದ್ಳು.
ಒಂದೊಂದೇ ಮುಳ್ಳು ಕನ್ನಡ ಆಗ್ಲಾಕ ಹತ್ತಿತು.
ಮುಹೂರ್ತ ಬಂತು, ಬೀಗರು ಬಂದ್ರು,
ಊಟದ ಜಾಗ ಬಂತು,
‘ಉಡುಗೊರೆ ಬ್ಯಾಡ’ ಅನ್ನೋದೂ ಬಂತು.
ವರನ ಹೆಸರಿನ ಕೆಳಗಿನ ಒತ್ತು ಮಾತ್ರ ದಾರ್ಯಾಗ ಉಳೀತು.
ಚಿ. ವೈಜಪ.

ಕಾಶೀಬಾಯಿ ಪರದಿಗಿ ಮಾರಿ ಹತ್ರ ತಂದು
ಬೆರಳಿಟ್ಟು ಓದಿದ್ಳು. ಮತ್ತೊಮ್ಮೆ ಓದಿದ್ಳು.
“ವೈಜಪಾ…
ನಮ್ಮತ್ತಿ ಹಿಂಗೇ ಕೂಗ್ತಿದ್ಳು, ಓಣಿ ತುಂಬ ಕೇಳೋಹಂಗ.”

ನಾ ಕೀಲಿ ಮ್ಯಾಲ ಬೆರಳಿಟ್ಟು ಕುಂತೆ.
ಆಫೀಸಿಗಿ ಒತ್ತು ಬೇಕು.
ಒತ್ತಿದೆ.
“ಒತ್ತಿಲ್ಲದ್ದೂ ಒಂದು ತಗೀರಿ” ಅಂದ್ಳು.
ಹತ್ತು ರೂಪಾಯಿ ಹೆಚ್ಚಿಗಿ ಕೊಟ್ಳು. ತಗೊಂಡೆ.

ಮುಂದಿನ ಮಂಗಳವಾರ ಅಂಗಡಿಗಿ ವಿಂಡೋಸೇ ಬಂತು,
ಹದಿನೆಂಟು ಕಂತು.
ನುಡಿ ಹಾಕಿ, ಹಳೇ ಡಿಸ್ಕ್ ಹಚ್ಚಿ, ಅದೇ ಕಾರ್ಡು ತೆರದೆ.
ವೈಜಪ್ಪ. ಒತ್ತು ಸಹಿತ, ನೆಟ್ಟಗ, ಕಪ್ಪಗ,
ಪಗಾರದ ಪಟ್ಟಿಯೊಳಗ ಇದ್ದಂಗ.
ಬಾಕಿ ಕಾರ್ಡಿಗಿ ಕೈ ಹಚ್ಚಿದೆ.

ರಾತ್ರಿ ಮನಿಗಿ ಹೋದ್ರ
ಆ ಪುಕ್ಕಟ ಡಬ್ಬಿ ಆರಿಸಿರ್ಲಿಲ್ಲ ಯಾರೂ.
ಪರದಿ ಮ್ಯಾಲ ವೈಜಪ
ಇನ್ನೂ ಹಂಗೇ ನಿಂತಿದ್ದ.